ಚೀಲ ತುರುಕಿದ ಗೋಡೆ

ಕಾಲುವೆ ಕ್ಯಾಂಪು, ಶಹಾಪುರ ತಾಲೂಕು
೧೬ ನವೆಂಬರ್ ೨೦೦೪, ಮಂಗಳವಾರ

ಪ್ರೀತಿಯ ಅಂಬ್ರಪ್ಪ,

ಜೈ ಭೀಮ್. ಬೇರೆ ಮಾತಿಗೆ ಮೊದಲು ನಿನ್ನ ಕಿವಿಯ ಸುದ್ದಿ ಬರೆ. ತಲೆಯೊಳಗೆ ಹಿಟ್ಟಿನ ಗಿರಣಿ ತಿರುಗಿದ ಹಾಗೆ ಕೇಳುತ್ತದೆ ಎಂದಿದ್ದೆ. ಹಡಗಿನ ಡಾಕ್ಟರಿಗೆ ತೋರಿಸಿದೆಯಾ, ಇಲ್ಲ ಡಾಕ್ಟರೂ ಮೇಲಿನ ಅಂತಸ್ತಿನವರಿಗೆ ಮಾತ್ರವೋ? ಹತ್ತಿ ಇಟ್ಟುಕೊಂಡು ಮಲಗು, ಆದರೆ ಯಾರೋ ಹೇಳಿದರೆಂದು ಎಣ್ಣೆ ಕಾಯಿಸಿ ಬಿಟ್ಟುಕೊಳ್ಳಬೇಡ. ಇಲ್ಲಿ ನಿನ್ನ ಅವ್ವನಿಗೆ ಮೊಣಕಾಲು ಹಿಡಿದಿದೆ, ಅದು ಬಿಟ್ಟರೆ ಗಟ್ಟಿ; ಬಾಯಿಗಂತೂ ಯಾವ ಬೇನೆಯೂ ಇಲ್ಲ. ಈಗ ನಿನ್ನ ಹೆಸರನ್ನು ಬಾಯಿಬಿಟ್ಟು ಹೇಳಿಕೊಂಡು ಬರೆದೆನೋ ಇಲ್ಲವೋ, 'ಗಂಡನ ಹೆಸರು ಹಿಡದು ಕರಿತಾಳ, ಹಡಗ ಮುಣಗಿಸ್ತಾಳ ನೋಡು' ಎಂದಳು. ಬುದ್ಧನ ಫೋಟೋ ಮುಂದೆ ಮದುವೆಯಾದ ದಿನ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದೇ ಕರೆಯುತ್ತೇವೆಂದು ನಾವು ಹೇಳಿದ್ದು ಅವಳಿಗೆ ಇವತ್ತಿಗೂ ಅರಗಿಲ್ಲ. ಹಡಗು ಇನ್ನೂ ತೇಲುತ್ತಿದೆಯಲ್ಲ, ಅಷ್ಟು ಸಾಕು.

ಕಾಲುವೆ ತುಂಬಿ ಹರಿಯುತ್ತಿದೆ. ಭತ್ತದ ಗದ್ದೆ ಕ್ಯಾಂಪಿನ ಬೇಲಿಯವರೆಗೆ ಬಂದು ನಿಂತಿದೆ, ಅದರ ಬೆನ್ನಿಗೆ ಸೊಳ್ಳೆಯೂ ಬಂದಿದೆ. ಜೋಳದ ರೊಟ್ಟಿ ತಿನ್ನುತ್ತಿದ್ದ ಊರು ಅನ್ನ ತಿಂದು ಮಧ್ಯಾಹ್ನ ಮಲಗುವುದನ್ನು ಕಲಿತಿದೆ. ಇದು ಹೊಲ ಇದ್ದವರ ಮಾತು. ಕಾಲುವೆ ತೋಡಿದವರ ಹೆಂಗಸರು ಅದೇ ಕಾಲುವೆಯ ನೀರಿನಲ್ಲಿ ಬೆನ್ನು ಬಗ್ಗಿಸಿ ಕೂಲಿಗೆ ನಿಂತಿದ್ದಾರೆ. ನಾನು ಸಂಜೆ ಅವರ ಜೊತೆ ಬದುವಿನ ಮೇಲೆ ಕೂತು ಕೂಲಿ ಹೆಚ್ಚಿಸುವ ಮಾತು ಆಡುತ್ತಿದ್ದೇನೆ. ಅದರ ಸುದ್ದಿ ಬೇರೆ ಪತ್ರದಲ್ಲಿ.

ನಿನ್ನ ಪತ್ರ ಓದಿ ಹಡಗಿನ ಗೋಡೆ ಹೇಗಿರುತ್ತದೆಂದು ಈಗ ನನಗೂ ಗೊತ್ತಾಯಿತು. ಎರಡು ಕ್ಯಾಬಿನ್ನುಗಳ ನಡುವೆ ಎರಡು ತಗಡು, ಆ ತಗಡುಗಳ ನಡುವೆ ಕಲ್ಲಿನ ಉಣ್ಣೆ. ಕಲ್ಲು ಕರಗಿಸಿ ಎಳೆ ತೆಗೆಯುತ್ತಾರಂತೆ. ಕಲ್ಲು ಒಡೆದೇ ಹುಟ್ಟಿ ಸತ್ತ ಕುಲ ನಮ್ಮದು, ಅದರಿಂದ ಉಣ್ಣೆ ಬರುತ್ತದೆಂದು ನಮಗೆ ಯಾವನೂ ಹೇಳಿರಲಿಲ್ಲ. ಸದ್ದು ಬರುವುದು ಗೋಡೆಯಿಂದಲ್ಲ, ಸಂದಿಯಿಂದ. ವೈರು ಹಾಯ್ದ ತೂತು, ನಳ ಹೋದ ದಾರಿ, ಬಾಗಿಲ ಕೆಳಗಿನ ಬೆರಳಗಲ ಜಾಗ, ಇಷ್ಟನ್ನು ಮುಚ್ಚಿದರೆ ಪಕ್ಕದವನು ಗೊರಕೆ ಹೊಡೆದರೂ ಇಲ್ಲಿಯವನಿಗೆ ಸಮುದ್ರದ ಮೇಲೆ ತಾನೊಬ್ಬನೇ ಇದ್ದ ಹಾಗೆ ಎಂದು ಬರೆದಿದ್ದೀಯಾ. ಓದಿ ಹೆಮ್ಮೆಯಾಯಿತು. ಇಲ್ಲಿ ಮೇಲ್ಗಾಲುವೆಯ ಕಾಂಕ್ರೀಟಿಗೆ ಸೆಂಟ್ರಿಂಗ್ ಹಲಗೆ ಹೊಡೆಯುತ್ತಿದ್ದವನು ಅಲ್ಲಿ ಸದ್ದಿಗೆ ಬೀಗ ಹಾಕುತ್ತಿದ್ದೀಯಾ. ಪಕ್ಕದವನ ಕೆಮ್ಮು ಕೇಳಿಸಿತೆಂದು ಒಬ್ಬ ಸಾಹುಕಾರ ದೂರು ಕೊಟ್ಟದ್ದಕ್ಕೆ ನೀವು ಗೋಡೆ ಬಿಚ್ಚಿ ಮತ್ತೆ ಕಟ್ಟಿದಿರಂತಲ್ಲ. ಕೆಮ್ಮುವವನಿಗೆ ಔಷಧಿ ಕೊಟ್ಟರೋ ಇಲ್ಲವೋ, ಅದನ್ನು ಬರೆಯಲಿಲ್ಲ ನೀನು.

ಅದೇ ಹಡಗಿನ ಹೊಟ್ಟೆಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ನೀವು ನಾಲ್ವರು ಮಲಗುವ ಕೋಣೆಗೆ ಒಂದೇ ಒಂದು ತಗಡು. ಒಂದು ಕಡೆ ಎಂಜಿನ್ನು, ಇನ್ನೊಂದು ಕಡೆ ಮುಂಬಯಿ ಹುಡುಗರ ಕ್ಯಾಬಿನ್ನು. ಮಿಕ್ಕ ಉಣ್ಣೆ ಉಗ್ರಾಣದಲ್ಲಿ ಸುರುಳಿ ಸುರುಳಿಯಾಗಿ ಬಿದ್ದಿದೆ, ಕೇಳಿದರೆ 'ಅದು ಪ್ಯಾಸೆಂಜರಿಗೆ' ಅಂದರಂತೆ. ಊರಲ್ಲಿ ಬಾವಿ ಮೇಲಿನವರಿಗೆ, ಹಡಗಿನಲ್ಲಿ ನಿದ್ದೆ ಮೇಲಿನವರಿಗೆ. ಅಲ್ಲಿ ಮೇಲು ಕೀಳಿಗೆ ಮೆಟ್ಟಿಲಾದರೂ ಇಟ್ಟಿದ್ದಾರೆ, ಕಣ್ಣಿಗೆ ಕಾಣುತ್ತದೆ. ಇಲ್ಲಿ ಅದೂ ಇಲ್ಲ.

ಈಗ ನೀನು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಮಾತಿಗೆ ಬರುತ್ತೇನೆ. ದೊಡ್ಡ ಬಂದರಿನಲ್ಲಿ ಪ್ರಯಾಣಿಕರು ಹತ್ತುವ ದಿನ, ಕೆಳಗಿನ ಕ್ಯಾಬಿನ್ನುಗಳಿಗೂ ಉಣ್ಣೆ ಹಾಕುತ್ತೇವೆಂದು ಕಂಪನಿಯವರು ಒಪ್ಪುವವರೆಗೆ ಯಾರೂ ಕೆಲಸಕ್ಕೆ ಏಳಬಾರದೆಂದು ಮುಂಬಯಿ ಹುಡುಗರು ಮಾತಾಡಿಕೊಳ್ಳುತ್ತಿದ್ದಾರೆ. ಸೂಪರ್‌ವೈಸರನಿಗೆ ವಾಸನೆ ಹತ್ತಿದೆ. ಅವರ ಹಿಂದಿ ಅವನಿಗೆ ಬಾರದು, ನಿನಗೆ ಬರುತ್ತದೆ. ತಗಡಿನ ಈ ಕಡೆ ನಿನ್ನ ದಿಂಬು, ಆ ಕಡೆ ಅವರ ಬಾಯಿ. ಮುಂದಾಳು ಯಾರು, ಯಾವ ದಿನ ಏಳುವುದಿಲ್ಲ, ಇಷ್ಟು ಹೇಳಿದರೆ ಸಾಕು: ಮೇಲಿನ ಅಂತಸ್ತಿನಲ್ಲಿ ನಿನಗೊಬ್ಬನಿಗೇ ಕ್ಯಾಬಿನ್ನು, ಸುತ್ತ ನೀನೇ ಉಣ್ಣೆ ತುಂಬಿದ ಗೋಡೆ, ಮುಂದಿನ ಕರಾರೂ ಖಾತ್ರಿ ಅಂದನಂತೆ. 'ನಾನಿನ್ನೂ ಏನೂ ಹೇಳಿಲ್ಲ. ನಿದ್ದೆ ಕಾಣದೆ ತಿಂಗಳುಗಳಾದವು. ನೀನು ಹೇಳಿದ ಹಾಗೆ ಮಾಡುತ್ತೇನೆ' ಎಂದು ಬರೆದಿದ್ದೀಯಾ.

ನಾನು ಬೈಯುತ್ತೇನೆಂದು ಹೆದರಿಯೇ ಅಕ್ಷರ ಸಣ್ಣ ಮಾಡಿದೆಯಲ್ಲ? ಬೈಯುವುದಿಲ್ಲ. ನಿದ್ದೆಗೆಟ್ಟವನಿಗೆ ನೀತಿ ಹೇಳುವುದು ಉಂಡವನು ಉಪವಾಸದ ಪುಣ್ಯ ಹೇಳಿದ ಹಾಗೆ. ಅದಕ್ಕೇ ನೀತಿ ಬಿಟ್ಟು ಪಕ್ಕದ ಮನೆಯ ಗುಮಾಸ್ತ ಶಾಂತಪ್ಪನ ಸುದ್ದಿ ಹೇಳುತ್ತೇನೆ. ಅದು ನಡೆದಾಗ ನೀನು ಮುಂಬಯಿಯ ಹಡಗುಕಟ್ಟೆಯಲ್ಲಿ ಕೆಲಸಕ್ಕಿದ್ದೆ, ನಿನಗೆ ಅರ್ಧ ಮಾತ್ರ ಗೊತ್ತು.

ಗೊತ್ತಿರುವ ಅರ್ಧ ಇದು. ನಮ್ಮ ಸಾಲಿನ ಕ್ವಾರ್ಟರ್ಸುಗಳ ನಡುಗೋಡೆ ಮೇಲಿನ ಶೀಟಿಗೆ ಮುಟ್ಟುವುದಿಲ್ಲ. ಕಂತ್ರಾಟುದಾರ ಇಟ್ಟಿಗೆ ತಿಂದು ಮೊಳದಷ್ಟು ಸಂದು ಬಿಟ್ಟಿದ್ದ. ಮೊದಲನೆಯ ಮನೆಯವರು ಸೀನಿದರೆ ಕೊನೆಯ ಮನೆಯವರು ನೂರು ವರ್ಷ ಬಾಳು ಅನ್ನುತ್ತಿದ್ದರು. ನಮಗಿಂತ ಮೊದಲು ಈ ಮನೆಯಲ್ಲಿದ್ದವರ ಕೂಸು ರಾತ್ರಿಯೆಲ್ಲ ಅಳುತ್ತಿತ್ತು, ಆಗ ಶಾಂತಪ್ಪನಿಗೆ ಸದ್ದಾಗಲಿಲ್ಲ. ಕಾಲುವೆ ಇಲಾಖೆಯ ಕೆಲಸದಲ್ಲಿದ್ದ ಅವ್ವನಿಗೆ ಮನೆ ಸಿಕ್ಕಿ ನಾವು ಬಂದೆವು, ಸದ್ದಾಯಿತು. ಅದೇ ವಾರ ಖಾಲಿ ಸಿಮೆಂಟ್ ಚೀಲಗಳಿಗೆ ಹೊಟ್ಟು ತುಂಬಿ ಸಂದಿನುದ್ದಕ್ಕೂ ತುರುಕಿಸಿದ. 'ಗದ್ದಲಾ ಭಾಳ ಆಗ್ತದ್ರಿ, ತಪ್ಪು ತಿಳ್ಕೋಬ್ಯಾಡ್ರಿ' ಎಂದ. 'ತಪ್ಪು ಯಾಕ ತಿಳ್ಕೋತೀವ್ರಿ, ಖರೇನ ತಿಳ್ಕೊಂಡೀವಿ' ಎಂದಳು ಅವ್ವ. ಅವತ್ತಿನಿಂದ ಬೇಕೆಂದೇ ಒಣಮೆಣಸಿನಕಾಯಿ ಹುರಿಯಲು ಹಿಡಿದಳು. ಚೀಲ ದನಿ ತಡೆಯಿತು, ಘಾಟು ತಡೆಯಲಿಲ್ಲ.

ಗೊತ್ತಿಲ್ಲದ ಅರ್ಧ ಈಗ ಕೇಳು. ಇಲಾಖೆಯ ದಿನಗೂಲಿಯವರನ್ನು ಖಾಯಂ ಮಾಡಿರೆಂದು ನಾವು ಹೋರಾಟಕ್ಕಿಳಿದಾಗ ಸಭೆ ಸೇರುತ್ತಿದ್ದದ್ದು ನಮ್ಮ ಮನೆಯಲ್ಲೇ. ಸಾಹೇಬರ ಮೇಲಿನ ಸಾಹೇಬರು ಕ್ಯಾಂಪಿಗೆ ಬರುವ ದಿನ ಕಾಲುವೆಯ ಗೇಟಿನ ಮೇಲೆ ಕೂತುಬಿಡುವುದು, ಅಲ್ಲಿಯವರೆಗೆ ಯಾರಿಗೂ ಸುಳಿವು ಕೊಡಬಾರದು ಎಂದು ತೀರ್ಮಾನ. ಗೇಟು ತಿರುಗಿಸುವ ಯಾಕೂಬಸಾಬ ಕಾಕಾ ನಮ್ಮ ಮುಂದಾಳು. ಅವನ ಪಿಸುಮಾತೆಂದರೆ ಬೇರೆಯವರ ಕೂಗು. ಮರುದಿನವೇ ಎಂಜಿನಿಯರ್ ಸಾಹೇಬ ಶಾಂತಪ್ಪನನ್ನು ಒಳಗೆ ಕರೆಸಿ ಬಾಗಿಲು ಹಾಕಿಸಿದ. 'ನಿನ್ನ ಗ್ವಾಡಿಗಿ ಹತ್ತೇ ಕೂಡ್ತಾರಲ್ಲೋ, ಏನ ಮಾತಾಡ್ತಾರ ಹೇಳು. ನಿನಗ ಬಡ್ತಿ ಕೊಡಸೂದು ನಂದು.' ಶಾಂತಪ್ಪ ಕೈ ಮುಗಿದು ಹೇಳಿದ್ದು ಇದು: 'ಸಾಹೇಬ್ರ, ಆ ಮಂದಿ ದನಿ ನಮ್ಮ ಮನಿಗಿ ಬರಬಾರ್ದಂತ ಚೀಲಾ ತುರ್ಕೀನ್ರಿ. ದೇವರಾಣಿ ನನಗ ಒಂದ ಮಾತೂ ಕೇಳಂಗಿಲ್ರಿ.' ನಗಬೇಡ. ಜಾತಿಗಾಗಿ ತುರುಕಿದ ಚೀಲ ಅವತ್ತು ನಮ್ಮನ್ನು ಕಾಯಿತು. ಬಡ್ತಿ ಕಣ್ಣಮುಂದೆ ಬಂದು ನಿಂತಾಗ ಮಾರಲು ಅವನ ಹತ್ತಿರ ಒಂದು ಮಾತೂ ಇರಲಿಲ್ಲ.

ಇದು ನನಗೆ ಹೇಗೆ ಗೊತ್ತು ಅನ್ನುತ್ತೀಯಾ? ಅವನ ಹೆಂಡತಿ ಕಲ್ಯಾಣಮ್ಮ ಅಡುಗೆಮನೆಯ ಮೂಲೆಯಲ್ಲಿ ಒಂದು ಚೀಲವನ್ನು ಬಹಳ ಹಿಂದೆಯೇ ಎಳೆದು ಬಿಸಾಕಿದ್ದಳು. ಗಂಡನಿಗೆ ಅಡುಗೆಮನೆಯ ಮೂಲೆ ಯಾವುದೆಂದೇ ಗೊತ್ತಿಲ್ಲ. ನಾವು ಹಾಡು ಕಟ್ಟಿ ಹಾಡುವುದನ್ನು ಕೇಳಲು ತೆಗೆದಳಂತೆ. ಹಾಡಿನ ಜೊತೆ ಗೇಟಿನ ಗುಟ್ಟೂ ಅವಳ ಕಿವಿಗೆ ಬಿದ್ದಿತ್ತು. ಅವತ್ತು ಸಂಜೆ, ಗಂಡ ಮನೆಗೆ ಬಂದು ಸಾಹೇಬನ ಕೋಣೆಯ ಮಾತನ್ನೆಲ್ಲ ಹೇಳಿದ ಮೇಲೆ, ಡಬ್ಬಿಯ ಮೇಲೆ ಹತ್ತಿ ನಿಂತು ಸಂದಿಯಿಂದ ಕರೆದಳು: 'ಮರಿಲಿಂಗಮ್ಮಾ, ನಮ್ಮ ಮನಿಯವ್ರಿಗಿ ಸಾಹೇಬ ಕರಸಿದ್ದ. ಅವ್ರಿಗಿ ಗೊತ್ತಿಲ್ಲ, ಹೇಳಿಲ್ಲ. ನನಗ ಎಲ್ಲಾ ಗೊತ್ತದ, ನಾನೂ ಹೇಳಿಲ್ಲ. ಆ ಯಾಕೂಬಸಾಬಗ ಜರಾ ಮೆತ್ತಗ ಒದರಂತ ಹೇಳವ್ವಾ.' ಒಂದು ಮಾತು ಗಂಡನ ಕಿವಿಗೆ ಹಾಕಿದ್ದರೆ ಅವಳು ಹೆಡ್ ಕ್ಲಾರ್ಕಿನ ಹೆಂಡತಿ. ಹಾಕಲಿಲ್ಲ. ನಾವು ಗೇಟಿನ ಮೇಲೆ ಕೂತೆವು. ನಾನು ಖಾಯಂ ಆದದ್ದು ಅವತ್ತು ಕೂತದ್ದರಿಂದ.

ಅವಳನ್ನು ದೇವತೆ ಮಾಡುತ್ತಿಲ್ಲ. ಕಲ್ಯಾಣಮ್ಮ ನಮ್ಮ ಸಂಘದವಳಲ್ಲ, ನಮ್ಮ ಮನೆಯ ನೀರನ್ನು ಇವತ್ತಿಗೂ ಕುಡಿಯುವುದಿಲ್ಲ. ಆ ಜಗಳ ನನಗೂ ಅವಳಿಗೂ ಇದ್ದೇ ಇದೆ, ಬಿಡುವುದಿಲ್ಲ. ಆದರೆ ಕಿವಿಗೆ ಬಿದ್ದದ್ದು ಬೇರೆ, ಅದನ್ನು ಸಂತೆಗೆ ಒಯ್ಯುವುದು ಬೇರೆ ಎಂದು ಅವಳಿಗೆ ಯಾವ ಸಂಘದ ಶಿಬಿರವೂ ಕಲಿಸಿರಲಿಲ್ಲ, ಆದರೂ ಗೊತ್ತಿತ್ತು. ನೀನು ಶಿಬಿರಗಳಲ್ಲಿ ಹಾಡು ಹೇಳಿ ಬೆಳೆದವನು. ನಿನಗೆ ನಾನು ಹೇಳಿಕೊಡಬೇಕೇ?

ಮೇಲಿನ ಕ್ಯಾಬಿನ್ನಿನಲ್ಲಿ ನಿನಗೆ ನಿದ್ದೆ ಬರುವುದಿಲ್ಲ, ಮನಸ್ಸು ಚುಚ್ಚುತ್ತದೆ ಎಂದು ಸುಳ್ಳು ಹೇಳುವುದಿಲ್ಲ. ನಾಲ್ಕು ದಿನ ಚುಚ್ಚುತ್ತದೆ, ಆಮೇಲೆ ಸೊಗಸಾದ ನಿದ್ದೆ ಬರುತ್ತದೆ. ನನಗೆ ಭಯ ಆ ನಿದ್ದೆಯದೇ. ಕೆಳಗೆ ಆ ಹುಡುಗರನ್ನು ಬಂದರಿನಲ್ಲಿ ಇಳಿಸಿ ಮನೆಗೆ ಅಟ್ಟಿದರೂ ನಿನಗೆ ಕೇಳುವುದಿಲ್ಲ, ಗೋಡೆಯನ್ನು ಅಷ್ಟು ಚೆನ್ನಾಗಿ ನೀನೇ ತುಂಬಿರುತ್ತೀಯಾ. ಒಬ್ಬನಿಗೆ ಕೊಟ್ಟ ನಿದ್ದೆ ಲಂಚ, ಎಲ್ಲರಿಗೂ ಕೊಟ್ಟರೆ ಹಕ್ಕು. ಉಣ್ಣೆ ಬೇಕು, ಖಂಡಿತ ಬೇಕು. ಆ ಹುಡುಗರ ಸಾಲಿನಲ್ಲಿ ನಿಂತು ಕೇಳು. ಗೋಡೆ ಬಿಚ್ಚಿ ಕಟ್ಟುವ ಕೈ ನಿನ್ನದು, ಆ ಕೈ ಅವರ ಜೊತೆ ಸೇರಿ ಕೆಲಸ ನಿಲ್ಲಿಸಿದರೆ ಮೇಲಿನವರ ಕೆಮ್ಮು ಗೊರಕೆ ಎಲ್ಲ ಒಂದೇ ವಾರದಲ್ಲಿ ಬಯಲಿಗೆ ಬರುತ್ತದೆ. ಕಂಪನಿಯವರಿಗೇ ನಿನ್ನ ಗರಜು ಹೆಚ್ಚು, ಮರೆಯಬೇಡ. ಕರಾರು ಹೋದರೆ ಹೋಗಲಿ, ಬಾ. ನನ್ನ ಸಂಬಳ ಇದೆ, ಹೊಸ ವಿತರಣಾ ಕಾಲುವೆಗಳಿಗೆ ಸೆಂಟ್ರಿಂಗ್ ಬಲ್ಲವರನ್ನು ಹುಡುಕುತ್ತಿದ್ದಾರೆ, ಮೊದಲು ಬಂದು ಕಣ್ತುಂಬ ನಿದ್ದೆ ಮಾಡು. ಅವ್ವನ ಬಾಯಿಯ ಜವಾಬ್ದಾರಿ ಮಾತ್ರ ನನ್ನದಲ್ಲ.

ಈ ಪತ್ರವನ್ನು ಮುಂಬಯಿಯ ಏಜೆಂಟನ ವಿಳಾಸಕ್ಕೆ ಹಾಕುತ್ತಿದ್ದೇನೆ. ದಾರಿಯಲ್ಲಿ ಸೂಪರ್‌ವೈಸರ್ ಒಡೆದರೆ ಒಡೆಯಲಿ. ಕನ್ನಡ ಓದಿಸಲು ಯಾರನ್ನು ಕರೆಯುತ್ತಾನೆ, ನಿನ್ನನ್ನೇ.

ಅವ್ವ ಹರಸಿದ್ದಾಳೆ, ಅದೇ ಉಸಿರಿನಲ್ಲಿ ಬೈದಿದ್ದಾಳೆ. ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿದ್ದೇನೆ. ಕಿವಿ ಕಾಪಾಡಿಕೋ, ಬಾಯಿಯನ್ನೂ.

ನಿನ್ನ ಸಂಗಾತಿ,
ಮರಿಲಿಂಗಮ್ಮ

ತಾ.ಕ.: ಅಂಚೆಯವನು ಬಾಗಿಲಲ್ಲಿ ಸೈಕಲ್ ಗಂಟೆ ಬಾರಿಸುತ್ತಿದ್ದಾನೆ, ಮುಖ್ಯ ಮಾತೇ ಉಳಿಯಿತು. ಸೂಪರ್‌ವೈಸರನ ಕೋಣೆಯ ಬಾಗಿಲು ಹಾಕಿದರೆ ಹೊರಗೆ ಏನೂ ಕೇಳುವುದಿಲ್ಲ ಎಂದು ನೀನೇ ಬರೆದಿದ್ದೀಯಾ. ಅಲ್ಲಿಗೆ ಹೋಗಿ 'ಇಲ್ಲ' ಅನ್ನಬೇಡ. ಶಾಂತಪ್ಪ ಏನೂ ಹೇಳಲಿಲ್ಲವೆಂದು ನಾನು ಎಷ್ಟು ಸಾರಿ ಹೇಳಿದರೂ ಯಾಕೂಬಸಾಬ ಕಾಕಾ ನಂಬುವುದಿಲ್ಲ. 'ಬಾಗಿಲಾ ಹಾಕ್ಕೊಂಡು ಒಳಗ ಕುಂತಿದ್ನಲ್ಲವ್ವಾ' ಅನ್ನುತ್ತಾನೆ, ಅರ್ಧ ಕ್ಯಾಂಪು ತಲೆ ಆಡಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಹೇಳಿದ 'ಇಲ್ಲ' ಹೊರಗೆ 'ಹೂಂ' ಆಗಿ ಬರುತ್ತದೆ. ಎಲ್ಲರೂ ಊಟಕ್ಕೆ ಕೂತಿರುವಾಗ, ಅವನೂ ಅಲ್ಲಿರುವಾಗ, ಎದ್ದು ನಿಲ್ಲು. ಹುಡುಗರ ಗುಟ್ಟನ್ನು ಬಿಚ್ಚಬೇಡ. 'ಮೇಲಿನ ಕ್ಯಾಬಿನ್ನು ನನಗೆ ಬೇಡ, ಪಕ್ಕದ ಗೋಡೆಯ ಮಾತು ನಾನು ತರುವುದಿಲ್ಲ' ಅನ್ನು. ಒಮ್ಮೆ ಅವನಿಗೆ ತಿಳಿಯುವ ಇಂಗ್ಲಿಷಿನಲ್ಲಿ, ಒಮ್ಮೆ ಅವರಿಗೆ ತಿಳಿಯುವ ಹಿಂದಿಯಲ್ಲಿ. ದನಿ ಸಣ್ಣ ಮಾಡಬೇಡ. ಕಾಲುವೆಯ ಆ ದಂಡೆಯಲ್ಲಿ ಕೆಲಸಕ್ಕಿದ್ದ ಅವ್ವನನ್ನು ಈ ದಂಡೆಯಿಂದ ಊಟಕ್ಕೆ ಕೂಗಿ ಕರೆದವನು ನೀನು.