ನನ್ನ ಕತ್ತಿನ ಪಂಚಾಯಿತಿ

ಅಂಗಡಿಯಿಂದ,
ತಾರೀಕು ೧೪, ಬುಧವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನ ಊಟ ಈ ಸಲವಾದರೂ ಒಗ್ಗಿತೇ? ಹೊಟ್ಟೆ ತೊಳಸುವುದು ನಿಂತಿತೇ? ನಾಲ್ಕು ತಿಂಗಳಿಂದ ನಿನ್ನದೊಂದು ಸಾಲಿಲ್ಲ, ಫೋನು ಮಾಡಿದರೆ ಎತ್ತುವುದಿಲ್ಲ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ನಗಬೇಡ. ನಗು ಬಂದರೆ ನಕ್ಕುಬಿಡು, ಅಷ್ಟಾದರೂ ಆಗಲಿ.

ನಿಮ್ಮ ಹಡಗಿನ ಅಡುಗೆಯವನು ರಜೆಗೆ ಬಂದಿದ್ದಾನೆ. ಮೊನ್ನೆ ಕಟಿಂಗ್ ಮಾಡಿಸಿಕೊಳ್ಳುತ್ತ ಎಲ್ಲ ಹೇಳಿದ. ನೀನು ಹಡಗಿನ ಸಲೂನು ಬಿಟ್ಟು ಬಟ್ಟೆ ಒಗೆಯುವ ಕಡೆ ಹಾಕಿಸಿಕೊಂಡಿದ್ದೀಯಂತೆ. "ಅಣ್ಣನ ಕತ್ತು ಮುರಿದ ಕೈ ಇದು, ಇನ್ನು ಯಾರ ತಲೆನೂ ಮುಟ್ಟಲ್ಲ" ಅಂದೆಯಂತೆ. ಮುರಿದೆ ಅಂತ ನಿನಗೆ ಯಾರಯ್ಯ ಹೇಳಿದರು? ಕತ್ತು ನನ್ನ ಭುಜದ ಮೇಲೇ ಇದೆ, ಅದರ ಮೇಲೆ ತಲೆ ಇದೆ, ತಲೆಯೊಳಗೆ ಬೇಕಾದಷ್ಟು ಸಿಟ್ಟೂ ಇದೆ.

ಕಟಿಂಗ್ ಮುಗಿದ ಮೇಲೆ ಗಿರಾಕಿಯ ಕತ್ತನ್ನು ಎರಡೂ ಕಡೆ ತಿರುವಿ ಲಟಕ್ ಅನ್ನಿಸಿ ಕಳಿಸುವುದು ಅಪ್ಪನ ಕಾಲದ ರೂಢಿ. ಬಾಗಿಲು ತೆಗೆಯುವ ಮೊದಲು ನನ್ನ ಕತ್ತಿಗೆ ನೀನು, ನಿನ್ನ ಕತ್ತಿಗೆ ನಾನು. ನೀನು ರಜೆ ಮುಗಿಸಿ ಹಡಗಿಗೆ ಹೊರಟ ಬೆಳಿಗ್ಗೆಯೂ ಅದೇ. ಲಟಕ್ ಅಂದದ್ದೇ ತಡ, ಕುತ್ತಿಗೆಯಿಂದ ಬಲಗೈ ಹೆಬ್ಬೆರಳವರೆಗೆ ಬೆಂಕಿ ಎಳೆದಂತಾಯಿತು. ನಾನು ಕುರ್ಚಿಯಿಂದ ಜಾರಿದೆ, ನಿನ್ನ ಮುಖ ಸುಣ್ಣವಾಯಿತು. ಆಮೇಲೆ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಎರಡು ಮೂಳೆಗಳ ನಡುವಿನ ಡಿಸ್ಕು ಹೊರಗೆ ಉಬ್ಬಿ ಕೈಗಿಳಿಯುವ ನರವನ್ನು ಒತ್ತುತ್ತಿದೆ ಅಂದರು. ಅಂಗಡಿ ಮುಚ್ಚೋಣ ಅಂತ ಮಗ ಅವತ್ತೇ ಬೀಗದ ಕೈ ಕೇಳಿದ. ನಿನ್ನ ಅತ್ತಿಗೆಯೂ ಅವನ ಕಡೆಗೇ. ಬೀಗದ ಕೈ ನನ್ನ ಜೇಬಿನಲ್ಲೇ ಇದೆ, ನಿದ್ದೆಯಲ್ಲೂ ಇರುತ್ತದೆ.

ಕೈಯಿಂದಲೇ ಬೆನ್ನುಮೂಳೆ ಸರಿಮಾಡುವ ಡಾಕ್ಟರಮ್ಮ ಒಬ್ಬರ ಹತ್ತಿರ ಹೋದೆ. ಕೈರೋಪ್ರಾಕ್ಟರ್ ಅಂತೆ, ಬರೆಯುವಷ್ಟರಲ್ಲಿ ಪೆನ್ನಿಗೇ ಕತ್ತುನೋವು ಬಂತು. ನನ್ನ ಮಗಳ ವಯಸ್ಸು. ಸ್ಕ್ಯಾನ್ ನೋಡಿದರು, ತಮ್ಮ ಬೆರಳು ನನ್ನಿಂದ ಹಿಂಡಿಸಿದರು, ಮೊಣಕೈಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ಆಮೇಲೆ ಕತ್ತು ತಿರುವುವುದೇ ಇಲ್ಲ ಅಂದುಬಿಟ್ಟರು. ನನಗೆ ರೇಗಿತು. "ಊರಿನ ಕತ್ತೆಲ್ಲ ತಿರುವಿದವನು ನಾನು. ನನ್ನದೊಂದು ತಿರುವೋಕೆ ನಿಮಗೆ ಬರಲ್ವಾ?" ಅಂದೆ. ಅವರು ನಕ್ಕರು. "ತಿರುವೋಕೆ ಆರು ತಿಂಗಳಲ್ಲಿ ಕಲಿತೆ ಯಜಮಾನ್ರೇ. ಯಾರಿಗೆ ತಿರುವಬಾರದು ಅಂತ ಕಲಿಯೋಕೆ ವರ್ಷಗಟ್ಟಲೆ ಹಿಡೀತು." ಮರುವಾರಕ್ಕೇ ಹೆಸರು ಬರೆಸಿ ಬಂದೆ.

ಈಗ ವಾರಕ್ಕೆರಡು ಸಲ ಮಲಗಿಸಿ, ತಲೆಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತಾರೆ, ಹೆಗಲ ಹಿಂದೆ ಒತ್ತುತ್ತಾರೆ. ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಗದ್ದ ಒಳಗೆಳೆದುಕೊಳ್ಳಬೇಕು, ಹತ್ತು ಸಲ. ನಿನ್ನ ಅತ್ತಿಗೆ ನೋಡಿ ಕೋಳಿ ಅನ್ನುತ್ತಾಳೆ. ಕೈಯ ಹಿಡಿತ ಇನ್ನೂ ಇಳಿದರೆ ನೇರ ಸರ್ಜನ್ ಹತ್ತಿರ ಕಳಿಸುತ್ತೇನೆ, ಹಟ ಮಾಡಬಾರದು ಅಂತ ಮೊದಲೇ ಮಾತು ತೆಗೆದುಕೊಂಡಿದ್ದಾರೆ. ಸದ್ಯ ಇಳಿದಿಲ್ಲ, ಕೂದಲೆಳೆಯಷ್ಟು ಏರಿದೆ. ಗಡ್ಡದ ಕತ್ತಿ ಮುಟ್ಟುತ್ತಿಲ್ಲ, ಇನ್ನೊಬ್ಬರ ಗಂಟಲಿನ ಮೇಲೆ ನನ್ನ ಹಟ ಬೇಡ. ಕುರ್ಚಿ ಎತ್ತರಿಸಿ ಕತ್ತರಿಯಲ್ಲೇ ನಡೆಸುತ್ತಿದ್ದೇನೆ. ಕತ್ತಿನ ಲಟಕ್ ಮಾತ್ರ ಬಂದ್. ಅಂಚೆಯವನು ಜಗಳಕ್ಕೇ ಬಂದ. "ಕತ್ತು ನಿಮ್ಮದು, ಅಂಗಡಿ ನನ್ನದು, ಬೇಕಾದ್ರೆ ಮನೇಲಿ ತಿರುವಿಸ್ಕೊಳ್ಳಿ" ಅಂತ ಕಳಿಸಿದೆ. ಅಂಗಡಿ ಮುಚ್ಚುವುದಿಲ್ಲ. ನನ್ನನ್ನು ಮೂಲೆಗೆ ಕೂರಿಸುತ್ತೇವೆ ಅಂದುಕೊಂಡವರು ಮೊದಲು ಆ ಮೂಲೆಯ ಕಸ ಗುಡಿಸಲಿ.

ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದಾಗಲಿ ಅಂತ ಬರೆಯಲು ಅತ್ತಿಗೆ ಹೇಳಿದ್ದಾಳೆ. ನನ್ನದೂ ಅದೇ, ಬೈಗುಳದ ಜೊತೆಗೆ.

ನಿನ್ನ ಅಣ್ಣ

ಇನ್ನೊಂದು: ಮರೆತು ಬಿಟ್ಟಿದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನೀನು ರಜೆಗೆ ಬರುವ ಎರಡು ತಿಂಗಳ ಮೊದಲೇ ನನ್ನ ಹೆಬ್ಬೆರಳು ಜೋಮು ಹಿಡಿಯುತ್ತಿತ್ತು. ಎರಡು ಸಲ ಕತ್ತರಿ ಕೈಜಾರಿತ್ತು. ಯಾರಿಗೂ ಹೇಳಲಿಲ್ಲ. ಆ ಬೆಳಿಗ್ಗೆ ನೀನು "ಅಣ್ಣಾ, ತುಂಬಾ ಬಿಗಿ ಇದೆ, ಇವತ್ತು ಬೇಡ" ಅಂದೆ. "ಹಡಗಿಗೆ ಹೋಗಿ ಕೈಯಲ್ಲಿ ಕಸುವು ಕಳ್ಕೊಂಡ್ಯಾ? ಜೋರಾಗಿ ತಿರುವೋ" ಅಂತ ಹಂಗಿಸಿದವನು ನಾನು. ಡಾಕ್ಟರಮ್ಮನಿಗೆ ಹೇಳಿದೆ, ನಿನ್ನ ಅತ್ತಿಗೆಗೂ ಹೇಳಿ ಬೈಸಿಕೊಂಡೆ. ಆ ತಪ್ಪು ಪೂರ್ತಿ ನನ್ನದು, ಅದರಲ್ಲಿ ನಿನಗೆ ಪಾಲಿಲ್ಲ, ಕೇಳಿದರೂ ಕೊಡುವುದಿಲ್ಲ. ನಾಳೆಯೇ ಸಲೂನಿಗೆ ಹೋಗಿ ಕತ್ತರಿ ಹಿಡಿ.