ಟ್ಯಾಪ್‌ಸ್ಕಾಟರ ಬಿಳಿ ಗೇಟು

ಮಾನ್ಯ ಟ್ಯಾಪ್‌ಸ್ಕಾಟ್ ಅವರೇ,

ನಿಮ್ಮ ಹೊಲದ ಗೇಟಿಗೆ ಹಸಿರು ಬಣ್ಣ ಬಳಿಸಿದ್ದೀರಿ. ಚೆನ್ನಾಗಿಯೇ ಇದೆ. ಆದರೆ ನನ್ನ ಗಂಡ ಸಿರಿಲ್ ದಿನವೂ ಕೈಯಲ್ಲಿ ಹಿಡಿದು ನಡೆಯುವ ಊರಿನ ಕಾಲುದಾರಿ ಪುಸ್ತಿಕೆಯಲ್ಲಿ, ‘ಚರ್ಚು ದಾಟಿ, ಬಿಳಿ ಗೇಟಿನಲ್ಲಿ ಎಡಕ್ಕೆ ತಿರುಗಿ’ ಎಂದಿದೆ. ಮಂಗಳವಾರ ಅವರು ಬಿಳಿ ಗೇಟು ಹುಡುಕುತ್ತ ಕಲ್ಲುಗಣಿಯ ಅಂಚಿಗೆ ಹೋಗಿ ನಿಂತಿದ್ದರು. ಮನೆಯಲ್ಲಿ ಕೂರಿ ಎಂದರೆ ಕೂರುವವರಲ್ಲ.

ಗೇಟಿಗೆ ಮತ್ತೆ ಬಿಳಿ ಬಳಿಯಲು ದಯವಿಟ್ಟು ಒಪ್ಪಿಗೆ ಕೊಡಿ. ಬಣ್ಣ, ಕುಂಚ ತಂದು ನಾನೇ ಬಳಿಯುತ್ತೇನೆ. ಅಲ್ಲಿಯವರೆಗೆ ಅವರಿಗೆ ಕಾಣದಂತೆ ಹಿಂದೆಯೇ ನಡೆಯುತ್ತಿದ್ದೇನೆ. ನನ್ನ ಮಂಡಿ ಬಹಳ ದಿನ ತಡೆಯಲಾರದು.

ಹೊಸ ಪುಸ್ತಿಕೆ ಕೊಡಿ ಎನ್ನಬೇಡಿ. ಹಳೆಯದನ್ನು ಬರೆದವರು ಅವರೇ. ನಿನ್ನೆ ಚಹಾ ಕುಡಿಯುತ್ತ ಅದನ್ನು ತಿರುವಿಹಾಕಿ ಕೇಳಿದರು: “ದಾರಿ ಎಷ್ಟು ಚೆನ್ನಾಗಿ ಹೇಳಿದಾನೆ ನೋಡೇ. ಯಾರಿವನು, ನಮ್ಮೂರಿನವನಾ?”

ಇಂತಿ, ಉತ್ತರಕ್ಕೆ ಕಾದಿರುವ
ಹೆಸ್ಟರ್ ಯೆಂಡಲ್