ಕೋಲಿನ ನೆರಳು

ನ್ಯೂ ಟೌನ್, ಭದ್ರಾವತಿ

ಅಬ್ಬಾ, ಸಲಾಮ್.

ನಾನು ವಿಜ್ಞಾನ ಕಲಿಸುವ ಇಲ್ಲಿನ ಅರಬ್ಬಿ ಕಾಲೇಜಿನಲ್ಲಿ ನಿನ್ನೆ ಸಣ್ಣ ಗಲಾಟೆಯಾಯಿತು. ಸೂರ್ಯ ಕಾಬಾದ ನೆತ್ತಿಯ ಮೇಲೆ ಬರುವ ಗಳಿಗೆಗೆ ಸರಿಯಾಗಿ ಅಂಗಳದಲ್ಲಿ ಕೋಲು ನೆಟ್ಟೆವು. ಆಗ ನೆರಳಿನ ತುದಿಯಲ್ಲಿ ನಿಂತು ಕೋಲಿನತ್ತ ನೋಡಿದರೆ ಅದೇ ಕಿಬ್ಲಾ, ನಮಾಜಿಗೆ ಮುಖ ಮಾಡಬೇಕಾದ ಕಾಬಾದ ದಿಕ್ಕು. ನಮಾಜಿನ ಕೋಣೆಯ ಸಾಲುಗಳನ್ನು ಮೇಸ್ತ್ರಿ ವಾಡಿಕೆಯಂತೆ ನೇರ ಪಶ್ಚಿಮಕ್ಕೆ ಎಳೆದಿದ್ದ. ನೆರಳಿನಗುಂಟ ನಾವು ಎಳೆದ ಗೆರೆ ಉತ್ತರಕ್ಕೆ ವಾಲಿತ್ತು.

"ಇಷ್ಟು ದಿನದ ನಮಾಜೆಲ್ಲ ದಂಡಾನಾ? ನಿಮ್ಮ ಕೋಲು ತಗೊಂಡು ಹೊರಡಿ ಮಾರಾಯ್ರೇ!" ಎಂದರು ಸೆಕ್ರೆಟರಿ.

"ಕಾರ್ಪೆಟ್ ತಿರುಗಿಸಿದ್ರೆ ಆಯ್ತಲ್ಲ ಚಾಚಾ," ಎಂದಳು ವಿದ್ಯಾರ್ಥಿನಿ ಸುಮೈಯಾ.

ವಿಜ್ಞಾನದ ತರಗತಿ ಉಳಿಯಬೇಕೋ ಬೇಡವೋ ಎಂದು ಕಮಿಟಿ ಶನಿವಾರ ತೀರ್ಮಾನಿಸುತ್ತದೆ. ಪ್ರವಾದಿಯವರ ಕಾಲದಲ್ಲಿ ಕಿಬ್ಲಾ ಬದಲಾದ ಸುದ್ದಿ ಕೇಳಿ ನಮಾಜಿನ ನಡುವೆಯೇ ತಿರುಗಿ ನಿಂತವರ ಹದೀಸನ್ನು ನೀವು ಪಾಠ ಮಾಡುತ್ತಿದ್ದಿರಿ. ಅವರ ಹಿಂದಿನ ನಮಾಜು ವ್ಯರ್ಥವಾಗಲಿಲ್ಲ ಎಂದೂ ಹೇಳುತ್ತಿದ್ದಿರಿ. ಅದನ್ನು ನಾನು ಹೇಳಿದರೆ ಇಲ್ಲಿ ನಡೆಯುವುದಿಲ್ಲ. ನಾನು ಮಸೀದಿಗೆ ಹೋಗುವುದು ಅಪರೂಪವೆಂದು ಎಲ್ಲರಿಗೂ ಗೊತ್ತು. ನೀವೇ ಬಂದು ಹೇಳಬೇಕು.

ಶನಿವಾರ ಬೆಳಿಗ್ಗೆ ಹೊಳೆಹೊನ್ನೂರಿಗೆ ಕಾರು ಕಳಿಸುತ್ತೇನೆ. ಮೊಣಕಾಲಿನ ಪಟ್ಟಿ ಕಟ್ಟಿಕೊಂಡೇ ಹೊರಡಿ. ನೀವು ಬೋರ್ಡಿನ ಮೇಲೆ ಬರೆಯುವ ಹದೀಸನ್ನು ಒರೆಸದೆ, ಅದರ ಪಕ್ಕದಲ್ಲೇ ನಾನು ಕೋನದ ಲೆಕ್ಕ ಬಿಡಿಸುತ್ತೇನೆ.

ನಿಮ್ಮ
ಮುನೀರ್